ಒಡೆದ ಗಾಜನ್ನು ಬದಲಿಸಬೇಡಿ

ಗಾಜು ಕೊಯ್ಯುವ ಈ ಹುಡುಗಿಯ ಮುತ್ತಜ್ಜ ಕಲ್ಲುಕುಟಿಗ. ಗುಡ್ಡದ ಮಣ್ಣು ನಮ್ಮ ಬೀದಿಯ ಮೇಲೆ ಜಾರದಂತೆ ನಾಲ್ಕಾಳೆತ್ತರದ ತಡೆಗೋಡೆ ಕಟ್ಟಿದರಲ್ಲ, ಆ ಗುಂಪಿಗೆ ಅವನೇ ಮೇಸ್ತ್ರಿ. ಎಡಗೈಯ ಎರಡು ಬೆರಳನ್ನು ಅದರ ಬುಡದ ಕಲ್ಲಿಗೆ ಕೊಟ್ಟು, ಮೂರನೇ ದಿನಕ್ಕೆ ಬಟ್ಟೆ ಸುತ್ತಿಕೊಂಡು ಮತ್ತೆ ಕೆಲಸಕ್ಕೆ ನಿಂತವನು. ಗೋಡೆಯ ಹಿಂದಿನ ನೀರು ಇಳಿದುಹೋಗಲೆಂದು ಬಿಟ್ಟ ತೂತುಗಳಿಗೆ ಅವನ ಹೆಂಡತಿ ತಿಂಗಳಿಗೊಮ್ಮೆ ಸರಳು ಹಾಕಿ ಕೆಸರು ಕೆದಕುತ್ತಿದ್ದಳು. ಕೈ ಸೋಲುವವರೆಗೂ ತಪ್ಪಿಸಲಿಲ್ಲ. ಅಜ್ಜ ಗಾರೆಯವನು. ಗೋಡೆಯಲ್ಲಿ ಮೊದಲ ಬಿರುಕು ಕಂಡಾಗ ಅವನು ಬಾಯಿ ಬಡಿದುಕೊಳ್ಳಲಿಲ್ಲ. ಬಿರುಕಿನ ಎರಡೂ ಅಂಚಿಗೆ ತಾಗುವಂತೆ ಗೇಣುದ್ದದ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಕೂರಿಸಿದ. ಗಾಜಿಗೆ ಬಾಗಿ ಗೊತ್ತಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಸೀಳುತ್ತದೆ. ಓದುಬರಹ ಬಾರದವರೂ ದಾರಿಯಲ್ಲಿ ಹೋಗುತ್ತಾ ಗೋಡೆಯ ಆರೋಗ್ಯ ನೋಡಿಕೊಂಡು ಹೋಗುವಂತೆ ಮಾಡಿದ ಉಪಾಯ ಅದು.

ಅಜ್ಜನ ನಂತರ ಗೋಡೆ ಕಾಯುವುದು ಅವನ ಹಿರಿಯ ಮಗನ ಪಾಲಿಗೆ ಬಂತು. ಇವನು ಹುಡುಗಿಗೆ ದೊಡ್ಡಪ್ಪ. ವಾರಕ್ಕೊಮ್ಮೆ ಬಿರುಕುಗಳನ್ನು ನೋಡಿ ಪುಸ್ತಕದಲ್ಲಿ ‘ಗಾಜು ಸರಿಯಿದೆ’ ಎಂದು ಬರೆಯುತ್ತಿದ್ದ. ಬೀದಿಯ ಸಮಿತಿಯ ಅಧ್ಯಕ್ಷನೆಂದು ನಾನು ಅದರ ಕೆಳಗೆ ರುಜು ಹಾಕುತ್ತಿದ್ದೆ. ಹತ್ತೊಂಬತ್ತು ವರ್ಷ ಹಾಕಿದೆ.

ಹುಡುಗಿ ಕಿಟಕಿ ಗಾಜಿನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತೆರಡು ವಯಸ್ಸು, ಬೆರಳ ತುಂಬ ಗೀರು. ವಜ್ರದ ಮೊನೆಯಲ್ಲಿ ಒಂದು ಗೆರೆ ಎಳೆದು ಮೇಜಿನ ಅಂಚಿಗೆ ತಟ್ಟಿದರೆ ಗಾಜು ಹೇಳಿದಲ್ಲಿ ಮುರಿಯುತ್ತಿತ್ತು. ಒಂದು ಬೆಳಿಗ್ಗೆ ದೊಡ್ಡಪ್ಪ ಅಂಗಡಿಗೆ ಬಂದ.

“ಗೇಣುದ್ದದ್ದು ಏಳು ಪಟ್ಟಿ ಕೊಯ್ದು ಕೊಡು ತಾಯಿ.”

“ಯಾತಕ್ಕೆ ದೊಡ್ಡಪ್ಪ?”

“ಗೋಡೆಗೆ ಕಣೇ. ಒಡೆದು ಕೂತಿವೆ. ಓಡಾಡೋ ಮಕ್ಕಳ ಕೈ ಕೊಯ್ದು ಹಾಕುತ್ತೆ.”

“ಒಡೆದಾಗೆಲ್ಲ ಹೊಸದು ಹಾಕ್ತೀರಾ?”

“ಮತ್ತೆ? ನಮ್ಮಪ್ಪ ನಂಬಿ ಬಿಟ್ಟುಹೋದ ಕೆಲಸ, ಹಾಳುಸುರಿಯೋಕೆ ಬಿಡ್ಲಾ? ಮೊದಲೆಲ್ಲ ಎರಡು ವರ್ಷಕ್ಕೊಂದು ಸಲ ಹಾಕ್ತಿದ್ದೆ. ಈ ವರ್ಷ ಆಗ್ಲೇ ಐದನೇ ಸಲ. ಈಗಿನ ಗಾಜು ಗಟ್ಟಿ ಬರಲ್ಲ ಬಿಡು.”

ಅವಳ ಕೈಯಲ್ಲಿದ್ದ ಗಾಜು ಗೆರೆ ಬಿಟ್ಟು ಅಡ್ಡಕ್ಕೆ ಮುರಿಯಿತು. ಕೆಲಸ ಕಲಿತ ಮೇಲೆ ಹಾಗಾದದ್ದು ಅದೊಂದೇ ಸಲ ಎಂದು ಅಂಗಡಿಯವರು ಆಮೇಲೆ ಹೇಳಿದರು.

ದೊಡ್ಡಪ್ಪ ಸೋಮಾರಿಯಲ್ಲ, ಕಳ್ಳನೂ ಅಲ್ಲ. ಚೊಕ್ಕ ಮನುಷ್ಯ. ಚೊಕ್ಕವಾಗಿಡಲು ಹೋಗಿ, ಗೋಡೆ ಬಾಯಿಬಿಟ್ಟಾಗಲೆಲ್ಲ ಅದರ ಬಾಯಿ ಮುಚ್ಚುತ್ತಾ ಬಂದಿದ್ದ. ಅದಕ್ಕೆ ನಾವೆಲ್ಲ ಅವನ ಬೆನ್ನು ತಟ್ಟಿದ್ದೆವು.

ಆ ಭಾನುವಾರದ ಸಭೆಗೆ ಅವಳು ಕರೆಯದೇ ಬಂದಳು. ಸಮಿತಿಯಲ್ಲಿ ಐವತ್ತು ದಾಟದ ತಲೆ ಒಂದೂ ಇರಲಿಲ್ಲ. ಗಾಜು ಒಡೆಯುತ್ತಿರುವುದು ಗೋಡೆ ಸರಿಯುತ್ತಿರುವುದಕ್ಕೆ ಎಂದು ಅವಳು ಹೇಳಿದಾಗ ಸಮಿತಿಯಲ್ಲಿದ್ದ ದರ್ಜಿ ಕಿಸಕ್ಕನೆ ನಕ್ಕ.

“ಗಾಜು ಕೊಯ್ಯೋಳು ಗೋಡೆ ಮಾತಾಡ್ತಾಳಲ್ಲಪ್ಪ! ನಾಳೆ ನನ್ನ ಸೂಜಿ ಹೋಗಿ ಸೇತುವೆ ಪರೀಕ್ಷೆ ಮಾಡುತ್ತೇನೋ!”

“ನಾನು ಗಾಜಿನ ಮಾತೇ ಆಡ್ತಿರೋದು ಮಾವ,” ಎಂದಳು ಅವಳು. “ನಿಮ್ಮ ಕುರ್ಚಿ ಯಾವುದೂ ನನಗೆ ಬೇಡ. ಗೋಡೆ ಪುಸ್ತಕ ಒಂದು ತಿಂಗಳು ಕೊಡಿ. ನಾನು ಹಾಕಿದ ಗಾಜನ್ನ ಯಾರೂ ಮುಟ್ಟಬಾರದು. ಅಷ್ಟೇ.”

ದೊಡ್ಡಪ್ಪ ಮುಖ ಸಿಂಡರಿಸಿಕೊಂಡು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ. ಹುಡುಗಿಯ ಹುಮ್ಮಸ್ಸು ನಾಲ್ಕು ದಿನದ್ದು ಎಂದುಕೊಂಡು ನಾನು ತಲೆಯಾಡಿಸಿದೆ.

ಅವಳು ಏಳು ಪಟ್ಟಿ ಕೂರಿಸಿದಳು. ಒಂದೊಂದರ ಮೇಲೂ ವಜ್ರದ ಮೊನೆಯಲ್ಲಿ ತಾರೀಕು ಕೊರೆದಳು. ಪಕ್ಕದಲ್ಲಿ ಬಣ್ಣದಲ್ಲಿ ದಪ್ಪಕ್ಷರ: ‘ಒಡೆದರೆ ಬದಲಿಸಬೇಡಿ. ನನ್ನನ್ನು ಕರೆಯಿರಿ.’ ನಾಲ್ಕನೇ ದಿನ ಮೊದಲನೆಯದು ಸೀಳಿತು. ಒಂಬತ್ತನೇ ದಿನಕ್ಕೆ ಮೂರು. ಪುಸ್ತಕದಲ್ಲಿ ತಾನು ಬರೆಯುವ ಬದಲು, ಗೋಡೆಯ ಕೆಳಗಿನ ಹನ್ನೆರಡು ಮನೆಯವರನ್ನೂ ಒಬ್ಬೊಬ್ಬರಾಗಿ ಕರೆತಂದು, ಬಿರುಕಿಗೆ ಬೆರಳಿಡಿಸಿ, ಕಂಡದ್ದನ್ನು ಅವರ ಕೈಯಿಂದಲೇ ಬರೆಸಿದಳು. ದರ್ಜಿಯೂ ಬರೆದ. ಬರೆಯುವಾಗ ಅವನಿಗೆ ತಮಾಷೆ ಹುಟ್ಟಲಿಲ್ಲ. ಅವಳು ದೂರು ಕೊಟ್ಟ ಪುರಸಭೆ ಕಚೇರಿಯ ಇಂಜಿನಿಯರ್ ಮುಂದಿನ ವಾರ ಬರುತ್ತೇನೆಂದು ಹೇಳಿ ಕಳಿಸಿದರು.

ಹದಿಮೂರನೇ ದಿನ ಗೋಡೆಯ ತೂತುಗಳು ಒಣಗಿದವು. ನನಗೆ ಬುದ್ಧಿ ಬಂದಾಗಿನಿಂದ ಆ ತೂತುಗಳಿಂದ ನೀರು ತೊಟ್ಟಿಕ್ಕದ ದಿನವಿರಲಿಲ್ಲ. ಹಿತ್ತಲ ಓಣಿ ಸದಾ ಪಾಚಿಗಟ್ಟಿರುತ್ತಿತ್ತು. ಆ ದಿನ ಹೆಂಗಸರು ಅಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರು. “ಸದ್ಯ, ಕೊನೆಗೂ ಕಾಲು ಜಾರದ ಹಾಗಾಯ್ತು,” ಎಂದು ನನ್ನ ಸೊಸೆಯೂ ಹಿಗ್ಗಿದಳು. ಕೆಳಗೆ ಬಿಸಿಲಿದ್ದರೂ ಮೂರು ದಿನದಿಂದ ಗುಡ್ಡದ ಮೇಲೆ ಮಳೆ ನಿಂತಿರಲಿಲ್ಲ. ಹುಡುಗಿ ಮುತ್ತಜ್ಜಿಯ ಸರಳು ತಂದು ತೂತಿಗೆ ಹಾಕಿದಳು. ಮೊಳದಷ್ಟು ಹೋಗಿ ಗಟ್ಟಿ ಮಣ್ಣಿಗೆ ತಗುಲಿ ನಿಂತಿತು. ಇನ್ನೊಂದರಲ್ಲೂ ಅಷ್ಟೇ. ನಾನು ಗೋಡೆಗೆ ಅಂಗೈ ಇಟ್ಟು ನೋಡಿದೆ. ಕಲ್ಲು ತಣ್ಣಗೆ ಕೊರೆಯುತ್ತಿತ್ತು.

“ಬರೋ ನೀರೆಲ್ಲ ಎಲ್ಲಿ ಹೋಗ್ತಿದೆ ತಾತ?” ಎಂದು ಕೇಳಿದಳು. ಅದು ಗೋಡೆಯ ಹಿಂದೆಯೇ ತುಂಬಿಕೊಳ್ಳುತ್ತಿತ್ತು. ಇಬ್ಬರಿಗೂ ಗೊತ್ತಿತ್ತು.

ಬೀದಿ ತುದಿಯ ಶಾಲೆಯ ಎರಡು ಕೋಣೆಗಳ ಬೀಗದ ಕೈಯನ್ನು ಅವಳು ಎರಡು ದಿನ ಮುಂಚೆಯೇ ಹೆಡ್‌ಮಾಸ್ತರರಿಂದ ಇಸಿದುಕೊಂಡಿದ್ದಳು. ಅದು ನನಗೆ ಆಗ ತಿಳಿಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಖಾಲಿ ಮಾಡಿಸಲು ಹೊರಟಳು. ಮೊದಲ ಬಾಗಿಲು ದೊಡ್ಡಪ್ಪನದು, ಗೋಡೆಗೆ ಎಲ್ಲರಿಗಿಂತ ಹತ್ತಿರದ ಮನೆ. ಅವನು ಎದ್ದರೆ ಉಳಿದವರು ಏಳುತ್ತಾರೆ. ಗೋಡೆ ಕಟ್ಟಿದವರ ಮನೆಯವನೇ ಅಲುಗದಿದ್ದರೆ ಯಾರು ತಾನೇ ಹಾಸಿಗೆ ಸುತ್ತುತ್ತಾರೆ?

“ನನ್ನ ಹೆಣ ಇಲ್ಲಿಂದ್ಲೇ ಹೋಗ್ಲಿ,” ಎಂದ ಅವನು. “ನಮ್ಮಜ್ಜ ಬೆರಳು ಕೊಟ್ಟು ಕಟ್ಟಿದ ಗೋಡೆಯಿದು. ನಿನ್ನ ಮಾತು ಕೇಳಿ ಇದರ ಕಾಲಡಿಯಿಂದ ಓಡಿಹೋದ್ರೆ ಊರು ಉಗಿಯಲ್ವೇನೇ? ಮೊನ್ನೆವರೆಗೂ ಮೂಗು ಒರೆಸಿಸಿಕೊಳ್ತಿದ್ದ ಮಗು ನೀನು!”

“ಒರೆಸಿದ್ದು ನೀವೇ ದೊಡ್ಡಪ್ಪ. ಅದಕ್ಕೇ ನಿಮ್ಮ ಬಾಗಿಲಿಗೆ ಮೊದಲು ಬಂದೆ.”

ಅವನು ಬಾಗಿಲು ಹಾಕಿಕೊಂಡ. ಅಕ್ಕಪಕ್ಕದ ಕಿಟಕಿಗಳಲ್ಲಿ ಇಣುಕುತ್ತಿದ್ದ ತಲೆಗಳು ಒಳಗೆ ಸರಿದವು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಟಪ್ ಎಂದು ಸಣ್ಣ ಸದ್ದು, ಅದರ ಹಿಂದೆಯೇ ಇನ್ನೊಂದು. ಏನು ಒಡೆಯಿತೆಂದು ಯಾರೂ ಕೇಳಲಿಲ್ಲ. ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದ ಸೊಸೆ ಅಲ್ಲೇ ಬಿಟ್ಟು ಒಳಗೆ ಓಡಿಬಂದಳು.

ನನ್ನ ಮನೆಯೂ ಆ ಹನ್ನೆರಡರಲ್ಲಿ ಒಂದು. ಚಪ್ಪಲಿ ಮೆಟ್ಟಿಕೊಂಡು ಹುಡುಗಿಯ ಹಿಂದೆ ಹೋದೆ. “ನಡಿ ಮಗಳೇ, ನಾನೂ ಬರ್ತೀನಿ. ನನ್ನ ಮಾತು ತೆಗೆದುಹಾಕೋರು ಈ ಬೀದೀಲಿ ಯಾರೂ ಇಲ್ಲ. ಅವನನ್ನ ನಾನು ಎಬ್ಬಿಸ್ತೀನಿ,” ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.

“ಬೇಡ ತಾತ, ನೀವು ಬರಬೇಡಿ. ಗೋಡೆ ಗಟ್ಟಿ ಅಂತ ಹತ್ತೊಂಬತ್ತು ವರ್ಷ ರುಜು ಹಾಕಿದ್ದೀರಿ. ಇವತ್ತು ನೀವೇ ಬಂದು ಬೀಳುತ್ತೆ ಅಂದ್ರೆ, ಯಾಕೆ, ಯಾವಾಗಿಂದ, ಯಾರ ತಪ್ಪು ಅಂತ ಬಾಗಿಲಲ್ಲೇ ನಿಂತು ವಾದ ಮಾಡ್ತಾರೆ. ಅಷ್ಟು ಹೊತ್ತು ನಮಗಿಲ್ಲ. ನನ್ನ ಹತ್ರ ವಾದ ಮಾಡಲ್ಲ, ಬೈತಾರೆ. ಬೈಯೋರನ್ನ ಕೈ ಹಿಡಿದು ಹೊರಗೆ ಎಳೀಬಹುದು. ನೀವು ಸೊಸೇನ ಕರ್ಕೊಂಡು ಶಾಲೆಗೆ ನಡೀರಿ. ದೊಡ್ಡಪ್ಪನ ಬಾಗಿಲು ನಾನೊಬ್ಬಳೇ ಬಡೀತೀನಿ.”