ಬಿಚ್ಚಿ ಬಿಚ್ಚಿ ಹೊಲಿದ ಕೌದಿ

ಆವರಗೆರೆಯ ನಮ್ಮ ಮಹಿಳಾ ಮಂಡಳಿಗೆ ಇದ್ದದ್ದು ಒಂದೇ ಕಟ್ಟಳೆ. ಮಂಗಳವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂತು, ತಮಗೆ ಗೊತ್ತಿದ್ದನ್ನು ಒಬ್ಬರಿಗೊಬ್ಬರು ಕಲಿಸಬೇಕು. ಇಬ್ಬರೂ ಕಲಿತರೆಂದರೆ ಚಾಪೆ ಸುತ್ತಿಟ್ಟು, ತಂತಮ್ಮ ಓಣಿಯಲ್ಲಿ ಇನ್ನೊಬ್ಬಳಿಗೆ ಕಲಿಸಲು ಹೋಗಬೇಕು. ಇದನ್ನು ಮಾಡಿದವಳು ನಾನೇ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ ನಿಯಮ ಹಾಕುವ ಚಟ ಅಷ್ಟು ಬೇಗ ಬಿಡುತ್ತದೆಯೇ?

ನನಗೆ ಜೋಡಿಯಾದವರು ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವ ಒಬ್ಬ ಹಿರಿಯ ಹೆಂಗಸು. ಹರಿಹರದ ಮಗಳ ಮನೆಗೆ ಹೋಗಲು ಬಸ್ ಸ್ಟ್ಯಾಂಡಿನಲ್ಲಿ ಅವರಿವರನ್ನು ಕೇಳಿ ಕೇಳಿ ಸಾಕಾಗಿತ್ತಂತೆ. ಬೋರ್ಡು ಓದುವಷ್ಟು ಅಕ್ಷರ ಬೇಕು ಎಂದರು. ನನಗೆ ಕೌದಿ ಹೊಲಿಗೆ ಬೇಕು ಎಂದೆ ನಾನು. ನಿಜ ಹೇಳಬೇಕೆಂದರೆ, ಬೇಕಿದ್ದದ್ದು ಮಂಗಳವಾರ ಮಧ್ಯಾಹ್ನ ಮಾತಿಗೊಬ್ಬರು. ನಿವೃತ್ತಿಯಾದ ಮೇಲೆ ನನ್ನ ಮನೆಯಲ್ಲಿ ದನಿ ಎಂದರೆ ಕುಕ್ಕರಿನದೊಂದೇ.

ಉಳಿದ ಜೋಡಿಗಳು ಒಂದೊಂದಾಗಿ ಕಲಿತು ಹೋದವು. ಸಮುದಾಯ ಭವನದಲ್ಲಿ ನಮ್ಮದೊಂದೇ ಚಾಪೆ ಉಳಿಯಿತು. ಇವರೂ ಕಲಿತು ಹೋಗಿಬಿಟ್ಟರೆ ಎಂದು ಆಗ ನನಗೆ ದಿಗಿಲಾಯಿತು. ಅವರು 'ಹರಿಹರ' ಎಂದು ತಪ್ಪಿಲ್ಲದೆ ಬರೆದರೂ "ರ ದುಂಡಗಿಲ್ಲ, ಮತ್ತೆ ತಿದ್ರಿ" ಎನ್ನುತ್ತಿದ್ದೆ. ಒತ್ತಕ್ಷರದ ತನಕ ಹೋಗಲು ಬಿಡಲೇ ಇಲ್ಲ. ನೀಚ ಕೆಲಸವೇ ಸರಿ, ಆದರೂ ಮಾಡಿದೆ. ಅತ್ತ ನನ್ನ ಹೊಲಿಗೆಯೂ ಮುಂದೆ ಸಾಗುತ್ತಿರಲಿಲ್ಲ. ಅವರು ಕನ್ನಡಕ ಏರಿಸಿ ನೋಡಿ, "ಸಾಲು ಡೊಂಕಾಗೈತ್ರಿ ಟೀಚರಮ್ಮ, ಬಿಚ್ರಿ" ಎನ್ನುತ್ತಿದ್ದರು. ನಾನು ತಲೆತಗ್ಗಿಸಿ ಬಿಚ್ಚುತ್ತಿದ್ದೆ.

ಒಂದು ಭಾನುವಾರ ಹರಿಹರದಲ್ಲಿ ದೇವರ ದರ್ಶನ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆ. ನೋಡಿದರೆ ಅವರೇ, ಒಬ್ಬರೇ ನಿಂತಿದ್ದಾರೆ. ಯಾರೋ ಮುದುಕಿ ಬಸ್ಸು ಹತ್ತಲು ಹೋದಾಗ ಬೋರ್ಡಿನ ಕಡೆ ಕತ್ತೆತ್ತಿ, "ಇದು ದಾವಣಗೆರೆದಲ್ಲಮ್ಮ, ರಾಣೆಬೆನ್ನೂರಿಂದು. ಹತ್ತಬ್ಯಾಡ್ರಿ" ಎಂದರು. ರಾಣೆಬೆನ್ನೂರು! ನಾನು ಕಲಿಸದ ಒತ್ತಕ್ಷರ. ಕಳ್ಳಿಯ ಹಾಗೆ ಕಂಬದ ಹಿಂದೆ ಸರಿದೆ.

ಮಂಗಳವಾರ ಅವರು ಬಂದರು. ಸ್ಲೇಟು ಹಿಡಿದು ಎಂದಿನಂತೆ ತಡವರಿಸಿದರು. ನನಗೆ ತಡೆಯಲಾಗಲಿಲ್ಲ.

"ನಿಮಗೆ ಓದಾಕೆ ಬರ್ತೈತೆ. ಹರಿಹರದಾಗೆ ನೋಡಿದೆ. ಯಾಕ ಹೇಳಲಿಲ್ಲ?"

ಅವರು ಸ್ಲೇಟು ಕೆಳಗಿಟ್ಟರು. "ಅಂಗಡಿ ಬೋರ್ಡು ನೋಡಿ ನೋಡಿ ಕಲ್ತೆ. ನಿಮ್ಮ ಹೊಲಿಗೆನೂ ಯಾವಾಗೋ ಸರಿಯಾಗೈತ್ರಿ. ನಾನೇ ಬಿಚ್ಚಿಸ್ತಿದ್ದೆ. ನನಗೂ ಮನ್ಯಾಗೆ ಯಾರದಾರೆ ಹೇಳ್ರಿ?"

ನಗಬೇಕಾದ ಮಾತು. ಇಬ್ಬರಿಗೂ ನಗು ಬರಲಿಲ್ಲ. ಅವರು ಮೆಲ್ಲಗೆ, "ನಮ್ಮ ಓಣ್ಯಾಗೆ ಇಬ್ರು ಹೆಣ್ಮಕ್ಕಳು ಅಕ್ಷರ ಹೇಳಿಕೊಡು ಅಂತ ಬೆನ್ನು ಹತ್ತ್ಯಾರೆ. ಕಟ್ಟಳೆ ನಿಮ್ದೇ ಐತಲ್ರಿ" ಎಂದರು.

ಹೋಗಬೇಡಿ ಎನ್ನಬೇಕೆನಿಸಿತು. ಟೀಚರಮ್ಮನ ಬಾಯಿಂದ ಆ ಮಾತು ಹೊರಡಲಿಲ್ಲ. ಇಬ್ಬರೂ ಸೇರಿ ಚಾಪೆ ಸುತ್ತಿದೆವು.

ಅವರ ಜಗುಲಿಯಲ್ಲೀಗ ಪಾಠ ನಡೆಯುತ್ತಿದೆಯಂತೆ. ನನ್ನ ಬಳಿ ಹೊಲಿಗೆ ಕಲಿಯಲು ಯಾರೂ ಬಂದಿಲ್ಲ. ಕೌದಿಗೆ ಇನ್ನು ಒಂದೇ ಸಾಲು ಬಾಕಿ. ಪ್ರತಿ ಮಂಗಳವಾರ ಮಧ್ಯಾಹ್ನ ಕೂತು ಅದನ್ನು ಹಾಕುತ್ತೇನೆ, ನೆಟ್ಟಗೇ ಬಂದಿರುತ್ತದೆ. ಸಂಜೆಯೊಳಗೆ ನಾನೇ ಬಿಚ್ಚುತ್ತೇನೆ.