ದ್ರಾಕ್ಷಿ ತೋಟಕ್ಕೆ ಹೊರಟ ಕುಂಚಿಗೆ

ಬೆಳಕು ಇನ್ನೂ ಹರಿದಿಲ್ಲ. ಮಿರಜದ ಹೊರವಲಯದ ರಸ್ತೆಯಂಚಿಗೆ ಟೆಂಪೋ ಬಂದು ನಿಲ್ಲುತ್ತದೆ. ಬುತ್ತಿಯ ಡಬ್ಬಿ ಕಂಕುಳಲ್ಲಿ ಇರುಕಿಕೊಂಡ ಹೆಂಗಸರು ಒಬ್ಬರ ಕೈ ಹಿಡಿದು ಒಬ್ಬರು ಹತ್ತುತ್ತಾರೆ. ಕೊನೆಗೆ ಹತ್ತುವ ಇಂದುಬಾಯಿ ಮೂಲೆಯಲ್ಲಿ ಕುಳಿತು ಚೀಲದಿಂದ ಉಣ್ಣೆ ಹೆಣೆಯುವ ಕ್ರೋಶಾ ಸೂಜಿ ತೆಗೆಯುತ್ತಾರೆ. ಗಾಡಿ ದ್ರಾಕ್ಷಿ ತೋಟಗಳಿರುವ ಮಾಲಗಾಂವದ ಹಾದಿ ಹಿಡಿಯುತ್ತಿದ್ದಂತೆ ಕತ್ತಲಲ್ಲೇ ಅವರ ಬೆರಳುಗಳು ಓಡತೊಡಗುತ್ತವೆ. ತಗ್ಗು ಬಂದು ಗಾಡಿ ಕುಲುಕಿದಾಗ ಕೈ ಒಂದಿಷ್ಟು ತಡೆಯುತ್ತದೆ, ಮತ್ತೆ ಮುಂದುವರಿಯುತ್ತದೆ.

"ಇದು ಕಣ್ಣಿನ ಕೆಲಸಾ ಅಲ್ರಿ. ಬೆರಳಿಗೆ ಗೊತ್ತಿರತೈತಿ," ಎನ್ನುತ್ತಾರೆ.

ಟೆಂಪೋದಲ್ಲಿ ಕುಳಿತ ಎಲ್ಲರ ತಲೆಯ ಮೇಲೂ ಇಂದುಬಾಯಿಯೇ ಹೆಣೆದ ಉಣ್ಣೆಯ ಕುಂಚಿಗೆ. ಕೂಸುಗಳಿಗೆ ತೊಡಿಸುವ ಕುಂಚಿಗೆಯನ್ನು ಕಂಡವರಿಗೆ ಇದರ ರೂಪ ಹೊಸದಲ್ಲ. ಅಳತೆ ಮಾತ್ರ ದುಡಿಯುವ ಹೆಂಗಸಿನದು. ಕಿವಿ, ಗಲ್ಲ, ಕುತ್ತಿಗೆ ಮುಚ್ಚಿ ಹೆಗಲ ಮೇಲೆ ಇಳಿಯುತ್ತದೆ. ಹಿಂದೆ ತುರುಬಿಗೆ ಕಿಂಡಿ. ನೆತ್ತಿಯ ಮೇಲೆ ದಪ್ಪನೆಯ ಬಳೆಯಂಥ ಸುತ್ತು. ದ್ರಾಕ್ಷಿ ತುಂಬಿದ ಕ್ರೇಟ್ ಅದರ ಮೇಲೆ ಅಲುಗಾಡದೆ ಕೂರುತ್ತದೆ, ಬೇರೆ ಸಿಂಬಿ ಬೇಕಿಲ್ಲ. ಎಡಗಡೆಯಿಂದ ಬಾಯಿಯನ್ನು ದಾಟಿ ಬಲಗಿವಿಯ ಹತ್ತಿರ ಗುಂಡಿ ಹಾಕಿಕೊಳ್ಳುವ ಒಂದು ಪಟ್ಟಿ.

ಆ ಪಟ್ಟಿಗೊಂದು ಕತೆಯಿದೆ.

ಮೂರು ವರ್ಷಗಳ ಹಿಂದಿನ ಚಳಿಗಾಲ. ಒಂದು ಮುಂಜಾನೆ ಇಂದುಬಾಯಿ ಮುಖ ತೊಳೆಯುವಾಗ ಬಾಯಲ್ಲಿ ಹಾಕಿಕೊಂಡ ನೀರು ನಿಲ್ಲದೆ ಎಡಗಡೆಯಿಂದ ಸೋರಿಹೋಯಿತು. ಸಾಂಗಲಿಯ ಅರಿಸಿನ ಪೇಟೆಯಲ್ಲಿ ಹಮಾಲಿ ಮಾಡುವ ಗಂಡ ಗುರುಪಾದ, ಹೆಂಡತಿ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡರು. ಬೆಳಕಿಗೆ ಬಂದು ನೋಡಿದರೆ ಮುಖದ ಅರ್ಧ ಜೋತುಬಿದ್ದಿತ್ತು. ಮುಖದ ನರ ಸೋತಿದೆ, ನಿಧಾನಕ್ಕೆ ಸರಿಯಾಗುತ್ತದೆ ಎಂದರು ಡಾಕ್ಟರು. ಚಳಿಗಾಳಿಯೇ ಕಾರಣವೆಂದು ಹೇಳಲಾಗದು ಎಂದೂ ಅಂದರು. ಇಂದುಬಾಯಿಗೆ ಮಾತ್ರ ತೆರೆದ ಟೆಂಪೋದ ಗಾಳಿಯ ಮೇಲೇ ಸಿಟ್ಟು.

ಔಷಧಿ ನಡೆಯಿತು. ಮುಖ ಬಹುಪಾಲು ಮೊದಲಿನಂತಾಯಿತು, ಪೂರ್ತಿ ಆಗಲಿಲ್ಲ. ನಕ್ಕರೆ ತುಟಿ ಒಂದೇ ಕಡೆ ಏರುತ್ತದೆ. "ನಳದ ಹಂತ್ಯಾಕ ಒಬ್ಬಾಕಿ, ನೀ ನಗಬ್ಯಾಡವ್ವಾ, ಅಂಜಿಕಿ ಬರತೈತಿ ಅಂದ್ಳು. ಚೇಷ್ಟಿಗೇ ಅಂದಿದ್ಳು. ಆದ್ರ ಅವತ್ತಿಂದ ನಾ ಮನೀ ಬಿಟ್ಟು ಹೊರಗ ಬೀಳಲಿಲ್ಲ."

ಆಗ ಮಗಳು ಮನಿಷಾ ಬಸುರಿ. ಹುಟ್ಟುವ ಕೂಸಿಗೆಂದು ಇಂದುಬಾಯಿ ಕುಂಚಿಗೆ ಹೆಣೆಯುತ್ತಿದ್ದರು. "ಕಿವೀನೂ ಮುಚ್ಚತೈತಿ, ಗಲ್ಲಾನೂ ಮುಚ್ಚತೈತಿ. ನನಗೊಂದು ಯಾಕ ಮಾಡ್ಕೋಬಾರದು ಅನಿಸ್ತು. ಬಾಯಿ ಕಾಣಬಾರದಂತ ಈ ಪಟ್ಟಿ ಹಚ್ಚಿದೆ." ಅದನ್ನು ತೊಟ್ಟು, ಗುಂಡಿ ಹಾಕಿಕೊಂಡು ಅವರು ಮತ್ತೆ ಟೆಂಪೋ ಹತ್ತಿದರು. ಇಂದಕ್ಕ ಮತ್ತೆ ಕೂಸಾದಳೆಂದು ಗಾಡಿ ತುಂಬ ನಗು.

ನಗು ಬಹಳ ದಿನ ಉಳಿಯಲಿಲ್ಲ. ಮೈ ಕೊರೆಯುವ ಚಳಿಯ ಒಂದು ಬೆಳಿಗ್ಗೆ, ತಂಡದ ಹಿರಿಯರಾದ ಸಖುಬಾಯಿ ಕಿವಿನೋವು ತಾಳಲಾರದೆ ತೋಟದ ಬದುವಿನ ಮೇಲೆ ಕುಳಿತುಬಿಟ್ಟರು. ಇಂದುಬಾಯಿ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಗುಂಡಿ ಬಿಚ್ಚಿ, ಕುಂಚಿಗೆ ತೆಗೆದು ಸಖುಬಾಯಿಯ ತಲೆಗೆ ತೊಡಿಸಿದರು. ಅಂದು ಸಂಜೆಯವರೆಗೆ ಬರಿ ಮುಖದಲ್ಲೇ ಗೊಂಚಲು ಕತ್ತರಿಸಿದರು.

"ಬೆಚ್ಚಗಾತು ನೋಡ್ರಿ, ಜೀವಾ ಬಂದಂಗಾತು," ಎಂದು ಸಖುಬಾಯಿ ಈಗಲೂ ಆ ದಿನವನ್ನು ನೆನೆಯುತ್ತಾರೆ. "ಇಕಿ ಮಾರಿ ಯಾರ ನೋಡಾಕ ಹೋಗಿದ್ದರು? ಎಲ್ಲಾರ ಕಣ್ಣೂ ನನ್ನ ತಲೀ ಮ್ಯಾಲ ಇದ್ದೂ."

ಮರುದಿನದಿಂದ ಒಬ್ಬೊಬ್ಬರೇ ಉಣ್ಣೆಯ ಉಂಡೆ ತಂದುಕೊಟ್ಟರು. ಕ್ರೇಟ್ ಹೊರುವಾಗ ಕುಂಚಿಗೆ ಜಾರುತ್ತದೆಂದು ಒಬ್ಬರು ದೂರಿದಾಗ ಇಂದುಬಾಯಿ ನೆತ್ತಿಯನ್ನು ಬಿಚ್ಚಿ ಬಿಚ್ಚಿ ಹೆಣೆದು, ಕೊನೆಗೆ ಈ ದಪ್ಪ ಸುತ್ತನ್ನು ಕಂಡುಕೊಂಡರು. ಬಾಯಿಯ ಪಟ್ಟಿ ತಮ್ಮದಕ್ಕೆ ಮಾತ್ರ ಸಾಕು ಎಂದುಕೊಂಡಿದ್ದರು. ಧೂಳಿಗೆ ತಮಗೂ ಬೇಕೆಂದು ಎಲ್ಲರೂ ಹಟ ಹಿಡಿದರು.

ಕಳೆದ ವರ್ಷ ತಂಡದ ಕಿರಿಯಳಾದ ಸೋನಾಲಿ ಹಸಿರು ಕುಂಚಿಗೆ ತೊಟ್ಟು ಸಾಂಗಲಿಯ ವಿಶ್ರಾಮಬಾಗದ ಬಟ್ಟೆ ಅಂಗಡಿಗೆ ಹೋಗಿದ್ದಳು. ಅಂಗಡಿಯ ಮಾಲೀಕ ಪಂಕಜನ ಕಣ್ಣು ಅದರ ಮೇಲೆ ಬಿತ್ತು. ಹೆಣೆದವರನ್ನು ಕರೆತರಲು ಹೇಳಿದ. ಇಂದುಬಾಯಿ, ಸೋನಾಲಿ, ಸಖುಬಾಯಿ ಮೂವರೂ ಹೋದರು. ಬೆಳಗಿನ ವಾಕಿಂಗಿಗೆ ಹೋಗುವವರು ಕೊಳ್ಳುತ್ತಾರೆ, ನಾಲ್ಕು ಮಂದಿಗೆ ಫೋಟೋ ಕಳಿಸೋಣ ಎಂದ ಪಂಕಜ, ಮಾತಿನ ನಡುವೆ ಪಟ್ಟಿ ಸರಿದು ಕಂಡ ಇಂದುಬಾಯಿಯ ಬಾಯಿ ನೋಡಿ ತಡವರಿಸಿದ.

"ಮಾವಶಿ, ಮಾಲು ಭಾಳ ಚಲೋ ಐತಿ. ಫೋಟೋಕ್ಕ ಮಾತ್ರ ಸೋನಾಲಿ ನಿಲ್ಲಲಿ. ಗಿರಾಕಿ ಮಾರಿ ನೋಡತಾರ್ರಿ."

ಸೋನಾಲಿ ಮುಂದೆ ಬರಲಿಲ್ಲ. ಸಖುಬಾಯಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಇಂದುಬಾಯಿ ಕುಂಚಿಗೆಯ ಪಟ್ಟಿಯನ್ನು ತಾವೇ ಬಿಚ್ಚಿದರು.

"ಈ ಮಾರಿಗಂತನ ಇದನ್ನ ಹೆಣದದ್ದು, ತಮ್ಮಾ. ತಗಿಯೂದಿದ್ರ ಇದರದ ಫೋಟೋ ತಗಿ. ಇಲ್ಲಾಂದ್ರ ಬ್ಯಾಡ, ನಾವು ಹೊಂಟೇವಿ."

ದನಿ ಏರಿರಲಿಲ್ಲ. ಪಂಕಜ ಫೋನು ಹಿಡಿದ. ಸಖುಬಾಯಿ ಪಕ್ಕದಿಂದ ಏನೋ ಅಂದು ನಗಿಸಿದರು. ತುಟಿ ಒಂದೇ ಕಡೆ ಏರಿದ ಆ ನಗುವೇ ಈಗ ಪಂಕಜನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ಚೌಕಟ್ಟಿನಲ್ಲಿದೆ. "ಯಾರ ಹೆಣದಾರಂತ ಗಿರಾಕಿ ಕೇಳತಾರ. ಕೈ ಮಾಡಿ ತೋರಸ್ತೇನಿ," ಎನ್ನುತ್ತಾನೆ. ಅಂಗಡಿಯಿಂದ ಬೇಡಿಕೆ ಬರುತ್ತಲೇ ಇದೆ. ಆದರೂ ಇಂದುಬಾಯಿಯ ಕಟ್ಟಳೆ ಬದಲಾಗಿಲ್ಲ: ಮೊದಲು ಗಾಡಿಯವರದು, ಆಮೇಲೆ ಅಂಗಡಿಯದು.

ಮಾಲಗಾಂವದಲ್ಲಿ ಬಿಸಿಲು ಮೂಡಿದೆ. ಬಳ್ಳಿಗಳ ಸಾಲಿನಿಂದ ಕ್ರೇಟ್ ಹೊತ್ತ ಹೆಂಗಸರು ಒಬ್ಬರ ಹಿಂದೊಬ್ಬರು ಬರುತ್ತಾರೆ: ಕುಂಕುಮ, ಹಸಿರು, ಅರಿಸಿನದ ಬಣ್ಣದ ತಲೆಗಳು. ಯಾರ ಕೈಯೂ ಕ್ರೇಟ್ ಹಿಡಿದಿಲ್ಲ. ಇಂದುಬಾಯಿ ತಮ್ಮ ಕತ್ತರಿ ಬದಿಗಿಟ್ಟು, ಆ ಸಾಲು ಶೆಡ್ಡು ತಲುಪುವವರೆಗೂ ನೋಡುತ್ತಾ ನಿಲ್ಲುತ್ತಾರೆ.

ಇನ್ನೇನು ಆಸೆಯಿದೆ ಎಂದರೆ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

"ಸಂಕ್ರಾಂತಿ ಬಂತಲ್ರಿ. ಮೂರು ವರ್ಷಾತು, ಅರಿಸಿನ-ಕುಂಕುಮಕ್ಕ ಯಾರನ್ನೂ ಮನಿಗೆ ಕರದಿಲ್ಲ. ಈ ಸಲ ಓಣಿ ಎಲ್ಲಾ ಕರೀತೇನಿ. ಬಾಗಲದಾಗ ನಾನ ನಿಂತು, ಬರ್ರಿ ಅಂತೇನಿ."