ತಗಡಿನ ಕಾಲು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಗುವವಳು ನಾನೇ ಆಗಿದ್ದೆ. ಹರಕೆ ಹೊತ್ತ ಮರುದಿನವೇ ಜ್ವರ ಬಿಟ್ಟಿತು, ಸತ್ತ ಅಜ್ಜ ಕನಸಿನಲ್ಲಿ ಬಂದು ಕಳೆದ ಸರ ಎಲ್ಲಿದೆ ಎಂದು ತೋರಿಸಿದ ಎಂದೆಲ್ಲ ದಾವಣಗೆರೆಯ ನಮ್ಮ ಮನೆಯಲ್ಲಿ ಅತ್ತೆಯಂದಿರು ಮಾತಾಡಿಕೊಳ್ಳುವಾಗ, “ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಬಿಡಿ” ಎಂದು ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ಓದಿದ್ದು ಎಂಜಿನಿಯರಿಂಗ್, ಕೆಲಸ ಕೊಯಮತ್ತೂರಿನಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ. ನೀರು ಮೇಲಕ್ಕೆ ಏರಬೇಕಾದರೆ ಎಲ್ಲೋ ಒಂದು ಮೋಟಾರು ತಿರುಗುತ್ತಿರಲೇಬೇಕು ಎಂದು ನಂಬಿದವಳು. ಈಗಲೂ ಹಾಗೆಯೇ ನಂಬಿದ್ದೇನೆ. ಒಂದು ಬೆಳಗಿನ ವಿಷಯದಲ್ಲಿ ಮಾತ್ರ ಆ ಮೋಟಾರು ಎಲ್ಲಿದೆ ಎಂದು ಹುಡುಕಿ ಹುಡುಕಿ ಸೋತಿದ್ದೇನೆ.

ಮೊದಲು ನಮ್ಮ ಓಟದ ಗುಂಪಿನ ಬಗ್ಗೆ ಹೇಳಬೇಕು. ಕೊಯಮತ್ತೂರಿನ ಅಂಚಿನ ತುಡಿಯಲೂರಿನ ಸುತ್ತಮುತ್ತ ಇರುವ ನಾವೊಂದಿಷ್ಟು ಜನ ಭಾನುವಾರ ಬೆಳಿಗ್ಗೆ ಸೇರಿ ದೂರದ ಓಟ ಓಡುತ್ತೇವೆ. ಯಾರೂ ಗೆಲ್ಲುವವರಲ್ಲ. ನಿವೃತ್ತ ಮೇಷ್ಟ್ರು, ಹಲ್ಲಿನ ಡಾಕ್ಟರು, ನನ್ನ ಹಾಗೆ ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ಬೂಟು ಕೊಂಡವರು. ಉಳಿದ ದಿನಗಳಲ್ಲಿ ಫೋನಿನ ಗುಂಪಿನಲ್ಲಿ ಮಾತು. ಇವತ್ತು ಎಷ್ಟು ಓಡಿದೆ, ಯಾರ ಹಿಮ್ಮಡಿಗೆ ಐಸ್ ಇಡಬೇಕು, ಯಾರ ತೊಡೆಗೆ ಯಾವ ವ್ಯಾಯಾಮ. ನಮ್ಮ ಕೀಲುಗಳ ಯೋಗಕ್ಷೇಮ ಮನೆಯವರಿಗಿಂತ ಗುಂಪಿನವರಿಗೇ ಹೆಚ್ಚು ಗೊತ್ತು. ಇನ್ನೊಂದು ರೂಢಿಯೂ ನಮ್ಮಲ್ಲಿದೆ. ಯಾರಾದರೂ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಕೂತರೆ, ಅವರ ಪಾಲಿನ ಓಟವನ್ನು ಇನ್ನೊಬ್ಬರು ಓಡುತ್ತಾರೆ. ಓಡಿ ಬಂದು, ‘ಇದು ಇಂಥವರಿಗಾಗಿ’ ಎಂದು ಹಾಕುತ್ತಾರೆ. ಹಾಸಿಗೆ ಹಿಡಿದವರಿಗೆ ಅದರಿಂದ ಏನು ಉಪಯೋಗ ಎಂದು ಕೇಳಿದರೆ ಹೇಳಲಾರೆ. ನನಗೆ ಪೆಟ್ಟಾದಾಗ ಅದನ್ನು ಓದಿ ಕಣ್ಣು ತುಂಬಿಕೊಂಡದ್ದು ನಿಜ.

ನನಗೆ ಪೆಟ್ಟಾದದ್ದು ವಾಲ್ಪಾರೈ ಘಾಟಿಯಲ್ಲಿ. ಗುಂಪಿನೊಂದಿಗೆ ಹೋದವಳು ಇಳಿಜಾರು ಸಿಕ್ಕಿತೆಂದು ಮೈಮರೆತು ತಿರುವಿನ ಮೇಲೆ ತಿರುವು ಓಡಿ ಇಳಿದೆ. ಮರುವಾರದಿಂದ ಎಡ ಮಂಡಿಯ ಹೊರಬದಿಯಲ್ಲಿ ನೋವು ಶುರುವಾಯಿತು. ನಡೆದರೆ ಸಹಿಸಬಹುದು, ನಾಲ್ಕು ಹೆಜ್ಜೆ ಓಡಿದರೆ ಬಿಸಿ ದಾರವನ್ನು ಮೂಳೆಯ ಮೇಲೆ ಎಳೆದಂತೆ. ಫಿಸಿಯೋ ಹೇಳಿದ ವ್ಯಾಯಾಮಗಳನ್ನೆಲ್ಲ ತಿಂಗಳುಗಟ್ಟಲೆ ಮಾಡಿದೆ. ಗುಣವಾಗಲಿಲ್ಲ. ನೋವನ್ನು ತಪ್ಪಿಸಲು ಎಡಪಾದವನ್ನು ಹೊರಕ್ಕೆ ಬೀಸಿ ನಡೆಯುವ ಒಂದು ಕೆಟ್ಟ ಅಭ್ಯಾಸ ಮಾತ್ರ ಗಟ್ಟಿಯಾಯಿತು. ಈ ಊರಿನಲ್ಲಿ ನನಗೆ ನೆಂಟರಿಲ್ಲ, ನೆರೆಯವರ ಬಳಕೆ ಅಷ್ಟಕ್ಕಷ್ಟೆ. ಓಟ ನಿಂತರೆ ಭಾನುವಾರಗಳೂ ನಿಂತವು ಎಂದೇ ಅರ್ಥ. ಹಾಗಾಗಿ ಕಾಲಿನ ಚಿಂತೆ ನನ್ನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು.

ಆ ತಿಂಗಳುಗಳಲ್ಲಿ ನನ್ನ ಪಾಲಿನ ಓಟವನ್ನು ಓಡಿದವಳು ದೇವಕಿ. ತುಡಿಯಲೂರಿನಲ್ಲಿ ಅವಳ ಗಂಡನದು ಲೇತ್ ವರ್ಕ್‌ಶಾಪು, ಅದರ ಆಫೀಸು ಕೆಲಸವೆಲ್ಲ ಅವಳದು. ತವರು ಧಾರಾಪುರಂ ಹತ್ತಿರದ ಹಳ್ಳಿ. ಯಾವ ಕಾಲದಲ್ಲೋ ಆ ಕಡೆ ಹೋಗಿ ನೆಲೆಸಿದ ಕನ್ನಡದ ಬೇಸಾಯದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಅವಳಿಗೆ ಒಂದಕ್ಷರವೂ ಬಾರದು. ನಾನು ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಮಾಡಿರುವುದು ಆ ಕಾರಣಕ್ಕೇ ಇರಬೇಕು. ನಮ್ಮ ಗುಂಪಿನಲ್ಲಿ ಅವಳಷ್ಟು ಹಗುರವಾಗಿ ಓಡುವವರು ಬೇರೆ ಇರಲಿಲ್ಲ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಮಾತಾಡುತ್ತಾ ಮಾತಾಡುತ್ತಾ ಗಂಡಸರನ್ನೆಲ್ಲ ಹಿಂದೆ ಹಾಕುತ್ತಿದ್ದಳು. ಒಂದು ದಿನಕ್ಕೂ ಕಾಲು ನೋವು ಎಂದವಳಲ್ಲ. “ನನ್ದು ಎತ್ತಿನ ಕಾಲು ಅಕ್ಕಾ” ಎಂದು ನಗುತ್ತಿದ್ದಳು.

ಅವಳೇ ಒಂದು ಶನಿವಾರ ನನ್ನನ್ನು ತವರಿಗೆ ಕರೆದುಕೊಂಡು ಹೋದಳು. ಅಮರಾವತಿ ಹೊಳೆಯ ದಂಡೆಯಲ್ಲಿ ಅವರ ಕಡೆಯವರೆಲ್ಲ ನಡೆದುಕೊಳ್ಳುವ ಒಂದು ಅಮ್ಮನ ಗುಡಿಯಿದೆ. ಗುಡಿಯ ಮುಂದಿನ ಅಂಗಡಿಗಳಲ್ಲಿ ತೆಳುವಾದ ಬಿಳಿ ತಗಡಿನ ಮೇಲೆ ಕಣ್ಣು, ಕೈ, ಕಾಲು, ತೊಟ್ಟಿಲ ಮಗು ಇವುಗಳ ಅಚ್ಚೊತ್ತಿ ಮಾರುತ್ತಾರೆ. ಎಲ್ಲಿ ನೋವಿದೆಯೋ ಆ ಅಂಗದ ತಗಡು ಕೊಂಡು, ನೋಯುವ ಜಾಗಕ್ಕೆ ನಿವಾಳಿಸುವ ಹಾಗೆ ಮೂರು ಸಲ ಸುತ್ತಿ, ತಮ್ಮ ಕೈಯಾರೆ ಹುಂಡಿಗೆ ಹಾಕಬೇಕು. ದೇವಕಿಯ ತಾಯಿ ಪೂಜೆಯ ಸಾಲಿನಲ್ಲಿ ನಿಂತಿದ್ದರು. ದೇವಕಿ ಅಂಗಡಿಗೆ ಹೋಗಿ ಒಂದು ಕಾಲಿನ ತಗಡು ತಂದು, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. “ಬೇಡಮ್ಮ, ನನ್ನ ಕಾಲು ನೋಡಿಕೊಳ್ಳೋದಕ್ಕೆ ಫಿಸಿಯೋ ಇದ್ದಾನೆ. ಅಮ್ಮನಿಗೂ ಅವನಿಗೂ ಯಾಕೆ ಜಗಳ ಹಚ್ಚೋದು” ಎಂದು ನಕ್ಕೆ. ಸುತ್ತ ಜನ ನೋಡುತ್ತಿದ್ದರು. ನನಗೆ ನಾಚಿಕೆಯಾಗಿತ್ತು ಎಂಬುದೇ ನಿಜ.

“ತಕ್ಕೊಂಡಿದ್ದನ್ನ ತಿರುಪಿ ಮನೆಗೆ ಎತ್ಕೊಂಡು ಹೋಗ್ಬಾರ್ದು ಅಕ್ಕಾ” ಎಂದಳು ದೇವಕಿ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮುಖ ಅರಳಿತು. “ಪರವಾಯಿಲ್ಲೆ. ನಮ್ಮ ಗುಂಪಲ್ಲಿ ಒಬ್ರಿಗೋಸ್ಕರ ಇನ್ನೊಬ್ರು ಓಡಲ್ವಾ? ಅಂಗೇ ಇದೂನೂ.”

ಹಾಗೆ ಹೇಳಿ ಆ ತಗಡನ್ನು ತನ್ನ ಎಡ ಮಂಡಿಗೆ ಮೂರು ಸಲ ಸುತ್ತಿ, “ಇದು ಅಕ್ಕನ ಕಾಲಿಗೆ” ಎಂದು ಹುಂಡಿಗೆ ಹಾಕಿಬಿಟ್ಟಳು. ನಾನು ಅದರ ಫೋಟೋ ಬೇರೆ ತೆಗೆದೆ. ಗುಂಪಿಗೆ ಹಾಕಿದೆ. ಮೇಷ್ಟ್ರು ಕೈಮುಗಿದ ಚಿತ್ರ ಕಳಿಸಿದರು, ಹಲ್ಲಿನ ಡಾಕ್ಟರು ನಗುವ ಮುಖ ಕಳಿಸಿದರು.

ಮನೆಗೆ ಬಂದು ಕಾಫಿ ಕುಡಿಯುವಾಗ ತಾಯಿಗೆ ವಿಷಯ ಗೊತ್ತಾಯಿತು. “ಯಾರ ಕಾಲಿಗೆ ಸುತ್ತಿದೆ?” ಎಂದು ಕೇಳಿದರು. ದೇವಕಿ ಹೇಳಿದಳು. ಮುದುಕಿ ಲೋಟ ಕೆಳಗಿಟ್ಟು, “ಅಡಿ ಪೈತ್ಯಕಾರಿ” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಹುಚ್ಚಿ ಎಂದು ಬೈದದ್ದು. ಮಗಳನ್ನು ಮುದ್ದಿನಿಂದ ಬೈದರು ಎಂದುಕೊಂಡು ನಾನು ಇನ್ನೊಂದು ಚಕ್ಕುಲಿ ಬಾಯಿಗೆ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಊರ ಪಕ್ಕದ ಕಾಲುವೆಯ ಏರಿಗೆ ಹೋದೆವು. ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಆದರೆ ತೆಂಗಿನ ಮರಗಳು, ದಾರಿ, ನೀರು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ದೇವಕಿ ದೂರದಲ್ಲಿ ನೀರು ಬಿಡುವ ಮದಗಿನವರೆಗೆ ಓಡಿ ತಿರುಗಿ ಬರುವುದು, ನಾನು ನಡೆಯುವುದು ಎಂದು ಮಾತು. ಅವಳು ಓಡಿದಳು. ಅವಳ ನೀಲಿ ಚೂಡಿದಾರ ಚಿಕ್ಕದಾಗುತ್ತಾ ಹೋಗುವುದನ್ನು ನೋಡುತ್ತಾ ನಾನು ಪಾದ ಬೀಸಿಕೊಂಡು ಹಿಂದೆ ನಡೆಯುತ್ತಿದ್ದೆ. ಹೊಟ್ಟೆಕಿಚ್ಚಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಆಗ ನನ್ನ ಎಡ ಮಂಡಿ ತಣ್ಣಗಾಯಿತು. ಒದ್ದೆ ಬಟ್ಟೆ ಸುತ್ತಿದ ಹಾಗೆ. ಇಬ್ಬನಿ ತಾಗಿತೇನೋ ಎಂದು ಬಗ್ಗಿ ಮುಟ್ಟಿ ನೋಡಿದೆ, ಬಟ್ಟೆ ಒಣಗಿಯೇ ಇತ್ತು. ನೆಟ್ಟಗೆ ನಿಂತು ಮುಂದಿನ ಹೆಜ್ಜೆ ಇಟ್ಟಾಗ ನೋವಿರಲಿಲ್ಲ. ಕಡಿಮೆಯಾಗಿತ್ತು ಎಂದಲ್ಲ. ಇರಲೇ ಇಲ್ಲ. ಹೆದರುತ್ತಾ ನಾಲ್ಕು ಹೆಜ್ಜೆ ಓಡಿದೆ, ಮತ್ತೆ ನಾಲ್ಕು ಓಡಿದೆ, ಆಮೇಲೆ ನಿಲ್ಲಲೇ ಇಲ್ಲ. ಎಷ್ಟೋ ತಿಂಗಳ ನಂತರ ಗಾಳಿ ಮುಖಕ್ಕೆ ಬಡಿಯಿತು. ಹುಡುಗಿಯ ಹಾಗೆ ಕೂಗಿಕೊಂಡು ಓಡಿದೆ.

ಮದಗಿನ ಕಲ್ಲಿನ ಮೇಲೆ ದೇವಕಿ ಕೂತಿದ್ದಳು. “ದೇವಕಿ, ನೋಡು, ಓಡಿದೆ!” ಎಂದು ನಾನು ದೂರದಿಂದಲೇ ಕಿರುಚಿದೆ. “ನೋಡ್ದೆ ಅಕ್ಕಾ” ಎಂದಳು. ನಗುತ್ತಲೇ ಇದ್ದಳು. ಹತ್ತಿರ ಬಂದ ಮೇಲೆ, ಅವಳು ಎಡಗಾಲು ಚಾಚಿ ಎರಡೂ ಕೈಯಲ್ಲಿ ಮಂಡಿ ಹಿಡಿದಿರುವುದು ಕಂಡಿತು. ಬಿದ್ದೆಯಾ ಎಂದು ಕೇಳಿದೆ. ಬಿದ್ದಿರಲಿಲ್ಲ. ಕಾಲು ಉಳುಕಿರಲೂ ಇಲ್ಲ. “ಇಪ್ಪತಾನ್ ಅಕ್ಕಾ, ಈಗ ತಾನೇ ಬಂತು. ಸೂಡಾದ ನೂಲು ಎಳೆದಂಗೆ ಐತೆ” ಎಂದಳು. ಬಿಸಿ ದಾರದ ಆ ಮಾತನ್ನು ನಾನು ಫಿಸಿಯೋಗೆ ಮಾತ್ರ ಹೇಳಿದ್ದೆ. ದೇವಕಿಗೂ ಯಾವಾಗಲಾದರೂ ಹೇಳಿದ್ದೆನೋ, ನೆನಪಿಲ್ಲ. ನನ್ನ ಭುಜ ಹಿಡಿದುಕೊಂಡು ಅವಳು ಮನೆಯವರೆಗೆ ನಡೆದಳು. ಬಾಗಿಲಲ್ಲಿ ನಿಂತಿದ್ದ ತಾಯಿ ಮೊದಲು ಮಗಳ ಕಾಲು ನೋಡಿದರು, ಆಮೇಲೆ ನನ್ನ ಕಾಲು ನೋಡಿದರು.

ಇದಕ್ಕೆಲ್ಲ ವಿವರಣೆಗಳಿವೆ. ಕೊಯಮತ್ತೂರಿನ ಡಾಕ್ಟರು ಸ್ಕ್ಯಾನ್ ನೋಡಿ, ದೇವಕಿಯ ಮಂಡಿ ಬಹಳ ದಿನಗಳಿಂದ ಸವೆಯುತ್ತಾ ಬಂದಿದೆ, ನೋವು ಕಾಣಿಸಿಕೊಂಡದ್ದು ಮಾತ್ರ ಈಗ ಎಂದರು. ನನ್ನ ಫಿಸಿಯೋ, ವ್ಯಾಯಾಮದ ಫಲ ತಡವಾಗಿ ಬರುತ್ತದೆ ಎಂದು ಎದೆಯುಬ್ಬಿಸಿದ. ಎರಡೂ ಸರಿಯಿರಬಹುದು. ಕಾಗೆ, ಕೊಂಬೆ. ಆ ಮಾತನ್ನು ಈಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಆದರೆ ಅತ್ತೆಯಂದಿರಿಗೆ ಹೇಳುವಾಗ ಇದ್ದ ಗತ್ತು ಬರುತ್ತಿಲ್ಲ.

ಏಕೆಂದರೆ ಆಮೇಲೆ ಇನ್ನೊಂದು ನಡೆಯಿತು. ಒಂದು ಭಾನುವಾರ ಓಟ ಮುಗಿಸಿ ನಾನು ಮೈದಾನದ ಕಟ್ಟೆಯ ಮೇಲೆ ಬೂಟು ಬಿಚ್ಚುತ್ತಿದ್ದೆ. ಎಲ್ಲರನ್ನೂ ಮಾತಾಡಿಸಿ ಹೋಗಲೆಂದು ದೇವಕಿ ಬಂದಿದ್ದಳು, ಗೇಟಿನ ಕಡೆ ನಡೆಯುತ್ತಿದ್ದಳು. ನನ್ನ ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ಅವಳನ್ನು ಹಿಂದಿನಿಂದ ನೋಡಿ, ನನ್ನ ಹೆಸರು ಹಿಡಿದು ಕೂಗಿದರು. ನಾನು ಇಲ್ಲೇ ಇದ್ದೇನಲ್ಲ ಸಾರ್ ಎಂದೆ. ಅವರು ಗಾಬರಿಯಾಗಿ ನನ್ನನ್ನೂ ಅವಳನ್ನೂ ನೋಡಿದರು. ನಾನೂ ನೋಡಿದೆ. ಎಡಪಾದವನ್ನು ಹೊರಕ್ಕೆ ಬೀಸಿ, ಬಲಭುಜ ತುಸು ಎತ್ತಿ, ಗೇಟಿನ ಕಡೆ ನಾನೇ ನಡೆದು ಹೋಗುತ್ತಿದ್ದೆ. ನನ್ನ ಆ ನಡಿಗೆಯನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು.

ದೇವಕಿ ಈಗ ಓಡುವುದಿಲ್ಲ. ಗುಂಪಿನಲ್ಲಿ ಮಾತ್ರ ಇದ್ದಾಳೆ. ನಾನು ಆ ವರ್ಷ ಅರ್ಧ ಮ್ಯಾರಥಾನ್ ಓಡಿ ಪದಕದ ಫೋಟೋ ಹಾಕಿದಾಗ ಮೊದಲ ಚಪ್ಪಾಳೆ ಅವಳದೇ. ಅವಳಿಗಾಗಿ ಎಂದು ನಾನೂ ಎಷ್ಟೋ ಭಾನುವಾರ ಓಡಿದ್ದೇನೆ, ‘ಇದು ದೇವಕಿಗಾಗಿ’ ಎಂದು ಹಾಕಿದ್ದೇನೆ. ಹಾಕಿದ ಕೂಡಲೇ ಫೋನು ಮಗುಚಿಡುತ್ತೇನೆ. ಯಾರದ್ದೋ ಸೀರೆ ಉಟ್ಟುಕೊಂಡು ಅವರ ಮನೆಯ ಮದುವೆಯಲ್ಲೇ ಓಡಾಡಿದ ಹಾಗೆ.

ಕಳೆದ ತಿಂಗಳು ಅವಳ ತಾಯಿ ನನಗೆ ಫೋನು ಮಾಡಿದರು. ಅವರು ಫೋನು ಮಾಡುವವರಲ್ಲ. ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ ‘ಕಣ್ಣು’ ಎಂದು ಕರೆದು, ಸುತ್ತುಬಳಸದೆ ಹೇಳಿದರು. “ನೀನು ಒಂದ್ ದಪಾ ಬಾ ಕಣ್ಣು. ತಗಡು ನಾನೇ ತೆಗೆದಿಡ್ತೀನಿ. ನಿನ್ನ ಕಾಲಿಗೆ ಸುತ್ತಿ, ನಿನ್ನ ಕೈಲೇ ಹಾಕ್ಬುಡು. ನಿನ್ನ ನೋವು ನಿಂಗೆ ಬಂದ್ಬುಡ್ತದೆ, ಅವಳ್ದು ಬುಟ್ಟೋಗ್ತದೆ.” ನನಗೆ ಇವುಗಳಲ್ಲಿ ನಂಬಿಕೆ ಇಲ್ಲಮ್ಮ ಎಂದೆ. “ನಂಬಿಕೆ ಬೇಡ. ಕೈ ಇದ್ರೆ ಸಾಕು” ಎಂದರು.

ಬರುತ್ತೇನೆ ಎಂದೆ. ಇನ್ನೂ ಹೋಗಿಲ್ಲ. ಒಂದು ವಾರ ಕಾರ್ಖಾನೆಯ ಕೆಲಸ, ಒಂದು ವಾರ ನೆಗಡಿ. ಓದುಗರೇ, ನೀವೇ ಹೇಳಿ. ನನ್ನ ಮಾತಿನ ಪ್ರಕಾರ ಅದು ಬರೀ ತಗಡು. ಬರೀ ತಗಡನ್ನು ಒಂದು ಡಬ್ಬಿಗೆ ಹಾಕಿ ಬರಲು ಎಂಜಿನಿಯರ್ ಒಬ್ಬಳಿಗೆ ಏನು ಕಷ್ಟ? ಬಸ್ಸಿದೆ, ರಜೆಯಿದೆ. ಒಬ್ಬ ಮುದುಕಿಯ ಸಮಾಧಾನಕ್ಕಾದರೂ ಹೋಗಬಹುದು. ಆ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಏನು ನಡೆಯಿತು ಎಂಬುದು ನನಗೆ ಹೇಗೆ ತಿಳಿಯದೋ, ಹಾಗೆಯೇ ನಾನು ಯಾಕೆ ಹೋಗುತ್ತಿಲ್ಲ ಎಂಬುದೂ ತಿಳಿಯದು ಎಂದು ಬರೆದರೆ ಅದು ಸುಳ್ಳಾದೀತು.

ಮೊನ್ನೆ ಸಂಜೆ ದೇವಕಿಯನ್ನು ನೋಡಲು ಹೋದೆ. ಮಹಡಿಯ ಮೆಟ್ಟಿಲನ್ನು ಅವಳು ಒಂದೊಂದಾಗಿ, ಕಂಬಿ ಹಿಡಿದು ಇಳಿದು ಬಂದಳು. ತಾಯಿ ಫೋನು ಮಾಡಿದ್ದು ಅವಳಿಗೆ ಗೊತ್ತಾಗಿತ್ತು. ಮುಂದಿನ ವಾರ ಖಂಡಿತ ಹೋಗಿ ಬರುತ್ತೇನೆ ಎಂದೆ.

“ಹೋಗ್ಬೇಡಿ ಅಕ್ಕಾ” ಎಂದಳು. “ಅಮ್ಮ ಅಂಗೇ ಏನಾರ ಹೇಳ್ತದೆ. ನೀವು ಓಡಿ.”

ನನ್ನ ಎದೆ ಹಗುರಾಯಿತು. ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡಿ, ಕಣ್ಣು ಕೆಳಗೆ ಹಾಕಿ, ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದಳು. ಆ ನಡಿಗೆಯನ್ನು ನೋಡಲಾರದೆ ನಾನು ಗೋಡೆಯ ಕಡೆ ತಿರುಗಿ ಕೂತೆ.

ಮರುದಿನ ಭಾನುವಾರ. ಓಡಿದೆ. ಕಾಲು ಒಂದಿಷ್ಟೂ ನೋಯಲಿಲ್ಲ.